ಚಟ್ನಿ ಡಬ್ಬಿಯೊಳಗಿನ ಟ್ಯೂನರ್

ನಮ್ಮ ಮನೆಯವರು ಮೊದಲು ಮಾಡಿದ ಆಂಟೆನಾ ಟ್ಯೂನರ್ ಇದ್ದದ್ದು ನನ್ನ ಶೇಂಗಾ ಚಟ್ನಿಯ ಡಬ್ಬಿಯಲ್ಲಿ. ತವರುಮನೆಯಿಂದ ಬಂದ ಅಲ್ಯೂಮಿನಿಯಂ ಡಬ್ಬಿ ಅದು. ಒಂದು ದಿನ ಅವರು ಅಡಿಗೆಮನೆಗೆ ಬಂದು ಅದನ್ನು ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಡಬ್ಬಿ ಕೈಬಿಟ್ಟಿತೆಂದು ನನಗೆ ಆಗಲೇ ತಿಳಿಯಿತು. ತೂತು ಕೊರೆದು ಎರಡು ಗುಂಡಿ, ಒಂದು ಮುಳ್ಳಿನ ಮೀಟರು ಕೂಡಿಸಿದರು. ಒಳಗೆ ಹಳೆಯ ರೇಡಿಯೊದಿಂದ ಕಳಚಿದ ಕಂಡೆನ್ಸರು, ಕೈಯಿಂದ ಸುತ್ತಿದ ತಾಮ್ರದ ತಂತಿ. ನಾನು ತಿಕ್ಕಿ ತೊಳೆದು ಬಿಸಿಲಿಗಿಟ್ಟೇ ಕೊಟ್ಟಿದ್ದೆ. ಆದರೂ ಡಬ್ಬಿ ಸ್ವಲ್ಪ ಕಾದರೆ ಸಾಕು, ಬೆಳ್ಳುಳ್ಳಿ ಮತ್ತು ಕೆಂಪುಖಾರದ ವಾಸನೆ ಬರುತ್ತಿತ್ತು.

ಇವರು ಹ್ಯಾಮ್. ಸರ್ಕಾರದ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆದು, ತಮ್ಮದೇ ಸೆಟ್ಟಿನಿಂದ ದೂರದೂರಿನವರ ಜೊತೆ ಮಾತಾಡುವ ಹವ್ಯಾಸಿಗಳಿಗೆ ಹಾಗೆನ್ನುತ್ತಾರೆ. ಮುದ್ದೇಬಿಹಾಳದ ನಮ್ಮ ಓಣಿಯಲ್ಲಿ ಇನ್ವರ್ಟರು, ಬೋರಿನ ಮೋಟರು, ಎಲ್‌ಇಡಿ ದೀಪ ಎಲ್ಲ ಸೇರಿ ರೇಡಿಯೊದೊಳಗೆ ಎಣ್ಣೆ ಕಾದಂತೆ ಚರಚರ ಸದ್ದು. ಅದಕ್ಕೇ ಭಾನುವಾರ ಬಂದರೆ ಸೆಟ್ಟು, ಬ್ಯಾಟರಿ, ತಂತಿಯ ಸುರುಳಿ, ಈ ಡಬ್ಬಿ ಚೀಲಕ್ಕೆ ಹಾಕಿಕೊಂಡು ಊರ ಹೊರಗಿನ ಯಾವುದಾದರೂ ಹೊಲಕ್ಕೆ ಹೋಗಿಬಿಡುವರು. ನಾನು ಬುತ್ತಿ ಕಟ್ಟಿಕೊಂಡು ಹಿಂದೆ.

ಆಂಟೆನಾ ತಂತಿಗೆ ಅದರದೇ ಆದ ಅಳತೆ ಬೇಕಂತೆ. ಹೊಲದಲ್ಲಿ ಅಳತೆ ಎಲ್ಲಿಂದ ಬರಬೇಕು? ಗಿಡ ಇದ್ದಷ್ಟು ಎತ್ತರ, ಬಯಲು ಇದ್ದಷ್ಟು ಉದ್ದ. ಅಳತೆ ತಪ್ಪಿದರೆ ಸೆಟ್ಟು ಕಳಿಸಿದ್ದು ಮೇಲೆ ಹೋಗದೆ ತಿರುಗಿ ಸೆಟ್ಟಿಗೇ ಬರುತ್ತದೆ. ಟ್ಯೂನರ್ ನಡುವೆ ಕೂತು ಎರಡನ್ನೂ ಹೊಂದಿಸುತ್ತದೆ, ಅತ್ತೆ ಸೊಸೆಯ ನಡುವೆ ತಿಳಿದ ಮಾವ ಕೂತ ಹಾಗೆ. ಒಂದು ಗುಂಡಿ ತಿರುಗಿಸಿದರೆ ಇನ್ನೊಂದರ ಹದ ಕೆಡುತ್ತದೆ. ಬಚ್ಚಲಲ್ಲಿ ಬಿಸಿನೀರಿಗೆ ತಣ್ಣೀರು ಬೆರೆಸುವಂತೆ ಇದಿಷ್ಟು, ಅದಿಷ್ಟು ಮಾಡುತ್ತ ಹೋಗಬೇಕು. ಮೀಟರಿನ ಮುಳ್ಳು ಎಡಕ್ಕೆ ಬಿದ್ದು ಮಲಗಿತೆಂದರೆ ಹದ ಬಂತು.

ಇವರ ಹಟಕ್ಕೆ ನಾನೂ ಪರೀಕ್ಷೆ ಬರೆದೆ, ಶಿವನ ದಯೆ, ಪಾಸೂ ಆದೆ. ಲೈಸೆನ್ಸನ್ನು ದೇವರ ಜಗಲಿಯ ಮಗ್ಗುಲಲ್ಲಿ ಗೋಡೆಗೆ ಹಾಕಿದೆ. ಆದರೆ ಮೈಕು ಮಾತ್ರ ಒಂದು ಸಲವೂ ಮುಟ್ಟಲಿಲ್ಲ. ಗುರುತಿಲ್ಲದ ಗಂಡಸರು ಹತ್ತಾರು ಮಂದಿ ಕೇಳುವಲ್ಲಿ ಏನು ಮಾತಾಡುವುದೆಂಬ ನಾಚಿಕೆ.

ಆಮೇಲೆ ಇವರ ಗಂಟಲಲ್ಲಿ ಸಣ್ಣ ಗಂಟೊಂದು ಎದ್ದಿತು. ಪರೀಕ್ಷೆ ಮಾಡಿಸಿದರೆ ಕೆಟ್ಟದ್ದಲ್ಲ ಎಂದು ಬಂತು. ಆ ದಿನ ನಾನು ಆಸ್ಪತ್ರೆಯ ಮೆಟ್ಟಿಲ ಮೇಲೇ ಕೂತು ಕೈ ಮುಗಿದೆ. ಗಂಟು ತೆಗೆದ ಡಾಕ್ಟರು, ತಾವು ಹೇಳುವವರೆಗೆ ಪಿಸುಮಾತೂ ಕೂಡದೆಂದರು. ಇವರು ಪೇಟೆಯಿಂದ ಒಂದು ಪಾಟಿ, ಒಂದು ಪೆಟ್ಟಿಗೆ ಬಳಪ ತಂದರು. ಹೇಳುವುದೆಲ್ಲ ಪಾಟಿಯ ಮೇಲೆ. ಉಪ್ಪು ಕಡಿಮೆಯಾಗಿದೆ ಎಂದು ಬರೆಯುವಷ್ಟರಲ್ಲಿ ಊಟವೇ ಮುಗಿದಿರುತ್ತಿತ್ತು. ಅದನ್ನೂ ನಾನು ದೇವರು ಕೊಟ್ಟದ್ದೆಂದೇ ಲೆಕ್ಕಕ್ಕೆ ಹಿಡಿದೆ.

ಆ ದಿನಗಳಲ್ಲೇ ಆ ಸುದ್ದಿ ಬಂತು. ಭಾನುವಾರದ ರೇಡಿಯೊ ಗುಂಪಿನಲ್ಲಿ ಚಿತ್ರದುರ್ಗದ ಕಡೆಯ ಹಿರಿಯರೊಬ್ಬರು ಇದ್ದರು. ಇವರಿಗೆ ಈ ವಿದ್ಯೆಯನ್ನು ಗಾಳಿಯ ಮೇಲೇ ಕಲಿಸಿದವರು, ಮುಖ ನೋಡಿದ್ದಿಲ್ಲ. ಅವರು ದೊಡ್ಡ ಮನೆ ಬಿಟ್ಟು ಫ್ಲ್ಯಾಟಿಗೆ ಹೋಗುವವರಿದ್ದರು. ಅಲ್ಲಿ ಮಾಳಿಗೆ ಮೇಲೆ ಆಂಟೆನಾ ಕಟ್ಟಲು ಬಿಡುವುದಿಲ್ಲ. ಹಾಗಾಗಿ ಬರುವ ಭಾನುವಾರವೇ ತಮ್ಮ ಕೊನೆಯ ಮಾತು ಎಂದು ಹೇಳಿದ್ದರಂತೆ. ಇವರು ಪಾಟಿಯ ಮೇಲೆ ಬರೆದರು: ‘ನಾ ಹೆಂಗ ಮಾತಾಡ್ಲಿ?’ ಮಾತಿನ ಬದಲು ಮೋರ್ಸ್ ಕೀಲಿ ಒತ್ತಿ ಸದ್ದಿನಲ್ಲೇ ಅಕ್ಷರ ಕಳಿಸಬಹುದಿತ್ತು. ಆದರೆ ಆ ಸಣ್ಣ ಪೀಂಪೀಂ ಹಿರಿಯರ ಕಿವಿಗೆ ಈಗೀಗ ಸಿಗುತ್ತಿರಲಿಲ್ಲ. ಫೋನು ಮಾಡಿ ನಾನೇ ಹೇಳುತ್ತೇನೆಂದರೆ ತಲೆ ಅಲ್ಲಾಡಿಸಿದರು. ಹಿರಿಯರ ಸೆಟ್ಟು ಆರುವ ಮೊದಲು ಮಾತು ಅದರಲ್ಲೇ ಮುಟ್ಟಬೇಕು. ಹಾಗೆಂದು ಬರೆದು ಗೋಡೆಯ ಮೇಲಿನ ನನ್ನ ಲೈಸೆನ್ಸ್ ನೋಡಿದರು. ಆಮೇಲೆ ನನ್ನನ್ನು.

ಆ ಭಾನುವಾರವೇ ಎಳ್ಳು ಅಮವಾಸ್ಯೆ. ಅಮವಾಸ್ಯೆಗೆ ನಾವು ಪ್ರತಿ ವರ್ಷ ಮಸೂತಿ ಎಂಬ ಊರಿನ ನಾದಿನಿಯ ಹೊಲಕ್ಕೆ ಚರಗ ಚೆಲ್ಲಲು ಹೋಗುವವರು. ಹಬ್ಬದ ಅಡಿಗೆಯನ್ನು ಭೂಮಿತಾಯಿಗೆ ಎಡೆ ಮಾಡಿ, ಹೊಲದ ಸುತ್ತ ಚೆಲ್ಲುತ್ತ ಒಂದು ಸುತ್ತು ಬರುವುದೇ ಚರಗ. ಹಬ್ಬ ಬಿಡುವುದು ನನ್ನಿಂದಾಗದು, ರೇಡಿಯೊ ಬಿಡುವುದು ಅವರಿಂದಾಗದು. ಎರಡನ್ನೂ ಒಂದೇ ಹೊಲದಲ್ಲಿ ಮಾಡುವುದೆಂದು ಹಿಂದಿನ ದಿನವೇ ಬಾಗೇವಾಡಿ ಮೇಲೆ ಹಾಯ್ದು ಮಸೂತಿಗೆ ಹೋದೆವು.

ಬೆಳಿಗ್ಗೆ ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ. ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಕಡುಬು, ಪುಂಡಿಪಲ್ಯದ ಬುಟ್ಟಿಗಳ ನಡುವೆ ಇವರ ಬ್ಯಾಟರಿಯೂ ಕೂತಿತ್ತು. ಬಿಳಿಜೋಳ ಎದೆಮಟ್ಟ ನಿಂತಿತ್ತು. ಬನ್ನಿ ಮರ ಎತ್ತರಕ್ಕಿತ್ತು, ಆದರೆ ಅದರ ಬುಡದಲ್ಲೇ ಐದು ಕಲ್ಲು ಹೂಡಿ ಪಾಂಡವರೆಂದು ಪೂಜೆ ಮಾಡುತ್ತೇವೆ. ಇವರು ಅದರತ್ತ ನೋಡಿದಾಗ ನಾನು ನೋಡಿದ ನೋಟಕ್ಕೆ ಸುಮ್ಮನೆ ಬದುವಿನ ಗಿಡ್ಡ ಬೇವಿನ ಗಿಡಕ್ಕೆ ಹೋದರು. ಒಂದು ತಂತಿ ಬೇವಿನ ಮೇಲೆ ಎಸೆದರು. ಇನ್ನೊಂದು, ನೆಲದ ತಂತಿ, ಕಾಲುದಾರಿ ದಾಟಿಸಿ ಜೋಳದ ಸಾಲಿನೊಳಗೆ ಹಾಸಿದರು. ಮೇಲಿನ ತಂತಿ ಗಿಡ್ಡವಾದಷ್ಟೂ ನೆಲದ ತಂತಿ ಮುಖ್ಯ. ಗುಂಡಿ ತಿರುಗಿಸಿದರು, ಮುಳ್ಳು ಮಲಗಿತು. ಚಟ್ನಿಯ ವಾಸನೆ ಸಣ್ಣಗೆ ಬಂತು.

ಹತ್ತಕ್ಕೆ ಗುಂಪು ಸೇರಿತು. ಒಬ್ಬೊಬ್ಬರೇ ಹಿರಿಯರಿಗೆ ನಮಸ್ಕಾರ ಹೇಳುತ್ತಿದ್ದರು. ನಮ್ಮ ಸರದಿ ಕೊನೆಯ ಕಡೆಗಿತ್ತು. ಅದರ ಮೊದಲು ಇನ್ನೊಮ್ಮೆ ಹದ ನೋಡೋಣವೆಂದು ಇವರು ಮೈಕಿನ ಗುಂಡಿ ಒತ್ತಿದರೆ ಮುಳ್ಳು ಸರ್ರನೆ ಬಲಕ್ಕೆ ಹೋಗಿ ನಿಂತಿತು. ಒಂದು ಗುಂಡಿ ತಿರುಗಿಸಿದರು, ಇನ್ನೊಂದು ತಿರುಗಿಸಿದರು, ಮುಳ್ಳು ಕದಲಲಿಲ್ಲ. ಡಬ್ಬಿಯ ಮುಚ್ಚಳ ಬಿಚ್ಚಿ ಊದಿದರು. ಬೆವರಿಗೆ ಬಳಪ ಜಾರುತ್ತಿತ್ತು. ಪಾಟಿಯಲ್ಲಿ ಬರೆದರು: ‘ಡಬ್ಬಿ ಹೋತು.’

ನನ್ನ ಡಬ್ಬಿ ಹಾಗೆ ಹೋಗುವಂಥದ್ದಲ್ಲ. ಇವರು ಬೇವಿನ ಮೇಲಿನ ತಂತಿ ನೋಡಲು ಎದ್ದರು, ನಾನು ನೆಲದ ತಂತಿ ಹಿಡಿದು ನಡೆದೆ. ಜೋಳದ ಕಡೆ ಹೋಗಬೇಕಾದ ತಂತಿ ಹುಲ್ಲಿನೊಳಗೆ ಬನ್ನಿಯ ಕಡೆ ತಿರುಗಿತ್ತು. ಹೋಗಿ ನೋಡಿದರೆ ಪಾಂಡವರ ಮುಂದೆ, ಕುಡುಗೋಲಿನ ಮಗ್ಗುಲಲ್ಲಿ, ಉಳಿದ ತಂತಿಯೆಲ್ಲ ಅಚ್ಚುಕಟ್ಟಾಗಿ ಸಿಂಬಿ ಸುತ್ತಿಕೊಂಡು ಕೂತಿದೆ. ಅದಕ್ಕೆ ಅರಿಷಿಣ, ಕುಂಕುಮ, ಮೇಲೊಂದು ಸೇವಂತಿಗೆ ಹೂವು.

ನಾದಿನಿಯ ಅತ್ತೆಯನ್ನು ನಾವೆಲ್ಲ ಆಯಿ ಎನ್ನುತ್ತೇವೆ. ಅವರು ಚರಗದ ಬುಟ್ಟಿಗೆ ಕೈಹಾಕಿ ಏಳುವುದರಲ್ಲಿದ್ದರು.

“ಆಯಿ, ಈ ತಂತಿ ಇಲ್ಲಿ ಹೆಂಗ ಬಂತ್ರಿ?”

“ದಾರಿಗಿ ಅಡ್ಡ ಬಿದ್ದಿತ್ತವ್ವ. ಚರಗ ಹಿಡಕೊಂಡು ಅದನ್ನ ದಾಟಾಕ ಬರತೈತೇನು? ಹೊಲಕ್ಕ ಬಂದ ಸಾಮಾನು ಅಂತ ಪೂಜಿ ಮಾಡೇನಿ. ನಿನ್ನ ಗಂಡನ ಮಷೀನಿಗೂ ಒಳ್ಳೇದಾಗಲಿ.”

ನನಗೆ ಈಗಲೇ ಅದು ಬೇಕೆಂದೆ. ಪೂಜೆಗಿಟ್ಟದ್ದನ್ನು ಚರಗ ಮುಗಿಯುವ ಮೊದಲು ತೆಗೆಯುವ ಪದ್ಧತಿ ಇಲ್ಲವೆಂದರು. ಅವರು ಹೇಳಿದ್ದು ಸರಿಯೇ ಇತ್ತು. ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ. ಅತ್ತ ಇವರು ಬೇವಿನ ಕೆಳಗಿಂದ ಎರಡೂ ಕೈ ಆಡಿಸುತ್ತಿದ್ದಾರೆ. ಸೆಟ್ಟಿನಲ್ಲಿ ಸರದಿ ಹತ್ತಿರ ಬರುತ್ತಿದೆ. ಕಣ್ಣು ಮುಚ್ಚಿ ಶಿವನನ್ನು ನೆನೆದೆ. ಬಾಯಿಗೆ ಮಾತು ಅವನೇ ಕೊಟ್ಟ.

“ತೆಗಿಯೂದು ಬ್ಯಾಡ್ರಿ ಆಯಿ. ಚರಗದ ಸಂಗಾಟ ಅದೂ ಹೊಲಾ ಸುತ್ತಲಿ. ನೀವು ಮುಂದ ಚೆಲ್ಲಕೋತ ನಡೀರಿ, ನಿಮ್ಮ ಸೊಸಿ ಹಿಂದ ತಂತಿ ಬಿಚ್ಚಕೋತ ಬರ್ತಾಳ. ಬದುವಿನ ಗುಂಟ ಬೀಳತೈತಿ, ಅಡ್ಡ ಆಗೂದಿಲ್ಲ.”

ಆಯಿ ಒಂದು ಗಳಿಗೆ ನನ್ನ ಮುಖ ನೋಡಿದರು. “ಹಂಗಾದ್ರ ಅದೂ ಚರಗಾನ ಆತಲ್ಲ,” ಎಂದು ಬುಟ್ಟಿ ಎತ್ತಿಕೊಂಡರು.

ಆಯಿ ಎಡೆ ಚೆಲ್ಲುತ್ತ ಮುಂದೆ, ನೀರಿನ ತಂಬಿಗೆ ಹಿಡಿದು ನಾದಿನಿಯ ಗಂಡ ನಡುವೆ, ಸಿಂಬಿ ಬಿಚ್ಚುತ್ತ ನಾದಿನಿ ಹಿಂದೆ. ಅವಳು ಹೋಗುತ್ತ, “ವೈನಿ, ಮುಂದಿನ ವರ್ಷ ಅಣ್ಣಗ ತಂತಿ ಬಂಗಾರದ್ದ ತರಾಕ ಹೇಳ್ರಿ, ಹಂಗ ಮನಿಗಿ ಒಯ್ತೇನಿ,” ಎಂದು ಚುಡಾಯಿಸಿದಳು. ನಾನು ಸೀರೆ ಎತ್ತಿ ಸಿಕ್ಕಿಸಿ ಬೇವಿನತ್ತ ಓಡಿದೆ. ತಂತಿ ಮೂಲೆ ತಿರುಗುವಷ್ಟರಲ್ಲಿ ಇವರು ಗುಂಡಿ ಹಿಡಿದು ಕೂತಿದ್ದರು. ಸ್ವಲ್ಪ ಇದು, ಸ್ವಲ್ಪ ಅದು. ಮುಳ್ಳು ಇಳಿಯಿತು. ಇನ್ನೂ ಇಳಿಯಿತು. ಮೊದಲಿಗಿಂತ ಕೆಳಗೆ ಹೋಗಿ ಮಲಗಿತು. ಇವರು ಮೈಕನ್ನು ನನ್ನ ಕೈಗಿಟ್ಟರು.

ಲೈಸೆನ್ಸಿನ ಮೇಲಿದ್ದ ನನ್ನ ಕಾಲ್‌ಸೈನನ್ನು, ಅಂದರೆ ಗಾಳಿಯ ಮೇಲಿನ ಹೆಸರನ್ನು, ಒಂದೊಂದೇ ಅಕ್ಷರವಾಗಿ ಹೇಳಿದೆ. ನನ್ನ ಗುರುತು ಹೇಳಿ, ಇವರ ಬದಲಿಗೆ ಮಾತಾಡುತ್ತಿದ್ದೇನೆ ಎಂದು ಹೇಳಿ, ಒತ್ತಿದ ಮೈಕಿನ ಗುಂಡಿ ಬಿಡಲು ಮರೆತೆ. ಇವರೇ ನನ್ನ ಬೆರಳು ಎತ್ತಬೇಕಾಯಿತು. ಕೂಡಲೇ ಹಿರಿಯರ ದನಿ ಮಗ್ಗುಲಲ್ಲೇ ಕೂತಂತೆ ಸ್ವಚ್ಛವಾಗಿ ಬಂತು.

“ಏನಮ್ಮಾ, ಇಷ್ಟು ವರ್ಷ ಅವನು ನಿನ್ನ ಕೈಗೆ ಮೈಕೇ ಕೊಟ್ಟಿರಲಿಲ್ಲವಾ?”

“ಕೊಟ್ಟಿದ್ರ್ರಿ. ಮನಿಯಾಗ ನನಗ ಮೈಕ್ ಬೇಕಾಗಿರಲಿಲ್ಲ.”

ಹಿರಿಯರು ನಕ್ಕರು. ಆಮೇಲೆ ಇವರು ಪಾಟಿಯಲ್ಲಿ ಬರೆಯುತ್ತ ಹೋದರು, ನಾನು ಓದುತ್ತ ಹೋದೆ. ಕೆಟ್ಟ ಸೆಟ್ಟು ಮುಂದಿಟ್ಟುಕೊಂಡು ಕೂತಿದ್ದಾಗ ಅದರ ಜೀವ ಎಲ್ಲಿದೆಯೆಂದು ದೂರದಿಂದಲೇ ಹೇಳಿಕೊಟ್ಟದ್ದು, ತಪ್ಪು ಮಾಡಿದರೆ ಬೈಯದೆ ಇನ್ನೊಮ್ಮೆ ಮಾಡು ಎಂದದ್ದು. ಒರೆಸುವುದು, ಬರೆಯುವುದು. ಕೊನೆಗೊಮ್ಮೆ ಒರೆಸಿದವರು ಬರೆಯಲಿಲ್ಲ. ನಾನು ಇದ್ದದ್ದನ್ನೇ ಹೇಳಿದೆ: “ಪಾಟಿ ಖಾಲಿ ಐತ್ರಿ ಸರ್. ಇವರ ಕಣ್ಣು ತುಂಬ್ಯಾವು.”

ಗುಂಡಿ ಬಿಡುವುದು ಈ ಸಲವೂ ತಡವಾಯಿತು. ನನ್ನ ಬೆನ್ನ ಹಿಂದೆ ಆಯಿಯ ಚರಗದ ಕೂಗು ಜೋಳದ ಮೇಲೆ ಹಾಯ್ದು ಬರುತ್ತಿತ್ತು. ಹಿರಿಯರು ಅದೇನೆಂದು ಕೇಳಿದರು. ಭೂಮಿತಾಯಿಗೆ ಊಟಕ್ಕೆ ಕರೆಯುತ್ತಿದ್ದಾರೆ ಎಂದೆ, ಮೈಕನ್ನು ಹೊಲದ ಕಡೆ ಹಿಡಿದೆ. ಕೇಳಿ, ಅವರು ಮೆಲ್ಲಗೆ ಹೇಳಿದರು: “ಎಷ್ಟು ಚೆನ್ನಾಗಿದೆ. ಇದನ್ನೆಲ್ಲ ಬಿಟ್ಟು ಹೋಗಬೇಕಲ್ಲ ಅನ್ನಿಸ್ತಿದೆ. ಆ ಫ್ಲ್ಯಾಟಿನಲ್ಲಿ ನನಗೆ ಇರೋದು ಒಂದು ಬಾಲ್ಕನಿ, ಬಟ್ಟೆ ಒಣಗಿಸೋ ಒಂದು ತಂತಿ.”

ಇವರು ಪಾಟಿಯನ್ನು ಕಸಿದುಕೊಂಡಂತೆ ತೆಗೆದುಕೊಂಡರು. ಬಳಪ ಮುರಿಯುವ ಹಾಗೆ ಒತ್ತಿ ಬರೆದರು: ‘ತಂತಿ ಸಾಕು!’ ಬರೆದು ಡಬ್ಬಿಯನ್ನು ಬೆರಳಿನಿಂದ ತೋರಿಸಿದರು. ನಾನು ಹೇಳಿದೆ: “ಸರ್, ಬಟ್ಟಿ ತಂತಿ ಸಾಕಂತ್ರಿ. ನಮ್ಮ ಚಟ್ನಿ ಡಬ್ಬಿ ನಿಮಗ ಕಳಸ್ತಾರಂತ.”

ಅವರಿಗೆ ಏನೂ ತಿಳಿಯದೆ, ಚಟ್ನಿಯಾ, ಎಂದು ಕೇಳಿದರು. ಗುಂಪಿನಲ್ಲಿ ಯಾರು ಯಾರೋ ನಗುವುದು ಕೇಳಿಸಿತು. ಆ ಹೊತ್ತಿಗೆ ಆಯಿ ಸುತ್ತು ಮುಗಿಸಿ ಬಂದು, ನಿಮ್ಮ ಮಾತು ಮುಗಿದಿದ್ದರೆ ಎಲೆ ಹಾಕುತ್ತೇವೆ ಎಂದರು. ಬೇವಿನ ನೆರಳಲ್ಲಿ ಎಲ್ಲರೂ ಉಂಡೆವು. ಇವರು ಹೋಳಿಗೆ ಎರಡನೆಯ ಸಲ ಕೇಳಲು ಪಾಟಿ ಎತ್ತಿದರು, ಆಯಿ ಬರೆಯುವ ಮೊದಲೇ ಬಡಿಸಿದರು.

ಡಬ್ಬಿ ಬಸ್ಸಿನ ಪಾರ್ಸೆಲ್ಲಿನಲ್ಲಿ ಚಿತ್ರದುರ್ಗಕ್ಕೆ ಹೋಯಿತು. ಅದರ ಜೊತೆ ಬೇರೊಂದು ಡಬ್ಬಿಯಲ್ಲಿ ನಿಜವಾದ ಶೇಂಗಾ ಚಟ್ನಿಯನ್ನೂ ಕಳಿಸಿದೆ, ಯಾವುದು ಯಾವುದೆಂದು ಚೀಟಿ ಅಂಟಿಸಿ. ಮುಂದೆ ಕೆಲವು ಭಾನುವಾರ ಅವರ ಸುಳಿವಿರಲಿಲ್ಲ. ಇವರಿಗೆ ಡಾಕ್ಟರು ಮಾತಾಡಲು ಬಿಟ್ಟಿದ್ದರು. ದನಿ ಒಡೆದ ಗಡಿಗೆಯಂತಿತ್ತು, ಆದರೂ ದನಿ ದನಿಯೇ. ಮೊದಲ ದಿನ ನನ್ನನ್ನು ಕೂಗಿ ಕರೆದಾಗ ಒಲೆಯ ಮುಂದೆ ನಿಂತೇ ಕೈ ಮುಗಿದಿದ್ದೆ.

ಒಂದು ಭಾನುವಾರ ನಮ್ಮೂರ ಹೊರಗಿನ ಹೊಲದಲ್ಲಿ ಇವರು ಮಾಡಿದ ಹೊಸ ಟ್ಯೂನರು ಜೋಡಿಸಿ ಸೆಟ್ಟು ಹಚ್ಚಿ ಕೂತಿದ್ದೆವು. ಚರಚರದ ಅಡಿಯಿಂದ ತೆಳ್ಳಗೆ ಒಂದು ಕಾಲ್‌ಸೈನ್ ಬಂತು. ಇವರು ಎದ್ದೇ ನಿಂತರು. ಫ್ಲ್ಯಾಟಿನ ಬಾಲ್ಕನಿಯಿಂದ, ಬಟ್ಟೆ ತಂತಿಯ ಮೇಲಿಂದ ಹಿರಿಯರೇ. ನಮಸ್ಕಾರ ಹೇಳಿದ ಮೇಲೆ ದೂರು ಶುರುಮಾಡಿದರು. ತಂತಿಯ ಮೇಲೆ ಒದ್ದೆ ಸೀರೆ ಇದ್ದರೆ ಟ್ಯೂನರಿಗೆ ಒಂದು ಹದ, ಅದು ಒಣಗಿದಂತೆ ಇನ್ನೊಂದು ಹದ. ಬಿಸಿಲೇರಿದರೆ ಬಾಲ್ಕನಿ ತುಂಬ ಬೆಳ್ಳುಳ್ಳಿಯ ವಾಸನೆ. ಭಾನುವಾರ ಬೆಳಿಗ್ಗೆ ಬಟ್ಟೆ ಒಗೆಯಬೇಡವೆಂದು ತಮ್ಮ ಹೆಂಡತಿಗೆ ನಾನೇ ಹೇಳಬೇಕೆಂದು ನನ್ನನ್ನು ಕೇಳಿಕೊಂಡರು. ಮೈಕು ತೆಗೆದುಕೊಂಡು ನಾನು ಅವರ ಹೆಂಡತಿಯನ್ನೇ ಕರೆಯಲು ಹೇಳಿದೆ. ನನ್ನಂತೆ ಲೈಸೆನ್ಸ್ ಪಡೆದೂ ಮೈಕು ಮುಟ್ಟದೆ ಇದ್ದ ಆಕೆ ಬಂದ ಮೇಲೆ ನಾವಿಬ್ಬರೂ ಬಹಳ ಹೊತ್ತು ಮಾತಾಡಿದೆವು, ಬಟ್ಟೆಯ ಸುದ್ದಿ ಬಿಟ್ಟು.