ಗ್ರೀಕ್ ತಟ್ಟೆಗೆ ಮೊದಲು ಕೈ ಹಾಕಿದವನು

ನೇರಳೆಹಣ್ಣೆಂದುಕೊಂಡು ಬಾಯಿಗೆ ಹಾಕಿಕೊಂಡ ಶಿವಮಲ್ಲು ಮುಖ ಕಿವುಚಿದ. "ಲೇ, ಯಾರ್ಲಾ ಇದ್ನ ಉಪ್ಪಲ್ಲಿ ನೆನಾಕ್ದೋರು?"

ಅದು ಆಲಿವ್. ಊಟಕ್ಕೆ ಮುಂಚೆ ಪುಟ್ಟ ಬಟ್ಟಲಲ್ಲಿ ತಂದಿಟ್ಟಿದ್ದರು. ನಾವು ಕೂತಿದ್ದುದು ಗ್ರೀಕ್ ರೆಸ್ಟೋರೆಂಟಿನಲ್ಲಿ. ಅಥೆನ್ಸ್‌ನಲ್ಲಲ್ಲ, ನಂಜನಗೂಡಿನ ಹತ್ತಿರ, ಊಟಿ ರಸ್ತೆಯಲ್ಲಿ.

ನಗಬೇಡಿ. ಬಿಳಿಗೆರೆ ಕಡೆಯವರೊಬ್ಬರು ಹಡಗಿನಲ್ಲಿ ಅಡುಗೆ ಮಾಡಿಕೊಂಡು ದೇಶ ಸುತ್ತಿ ಬಂದು, ಗೋಡೆಗೆ ಬಿಳಿ, ಕಿಟಕಿಗೆ ನೀಲಿ ಬಳಿದು ಶುರು ಮಾಡಿದ್ದಾರೆ. ಊಟಿಗೆ ಹೋಗುವ ಕಾರುಗಳು ನಿಲ್ಲುತ್ತವೆ. ನಾವು ಬಂದದ್ದು ಮಾತ್ರ ಈ ಅಂಕಣದ ದೆಸೆಯಿಂದ.

ಕೆಲವು ವಾರಗಳ ಹಿಂದೆ ಇಲ್ಲೇ ಬರೆದಿದ್ದೆ, ನಿಮಗೆ ನೆನಪಿರಬಹುದು. ತಿ. ನರಸೀಪುರದ ಹೈಸ್ಕೂಲಿನಲ್ಲಿ ನಾವು ಮೂವರು ಗೆಳೆಯರು. ಮೂಗೂರಿನ ಶಿವಮಲ್ಲು, ಹೆಮ್ಮಿಗೆಯ ಊರಾಚೆ ಕೇರಿಯ ಚೆಲುವರಾಜು, ಚಿಕ್ಕಮ್ಮನ ಮನೆಯಲ್ಲಿದ್ದು ಓದುತ್ತಿದ್ದ ನಂಜನಗೂಡಿನ ಅಂಗಡಿ ಮನೆಯ ನಾನು. 'ಜಾತಿ ಗೀತಿ ಗೊತ್ತಿಲ್ಲದ ನಾವು ಚೆಲುವರಾಜುವಿನ ಅವ್ವ ಕಟ್ಟಿಕೊಟ್ಟ ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದೆವು' ಎಂಬುದು ಅದರ ಕೊನೆಯ ಸಾಲು.

ಒಳ್ಳೆಯ ಸಾಲು. ತುಂಬಾ ಒಳ್ಳೆಯ ಸಾಲು. (ಅಲ್ಲೇ ಅನುಮಾನ ಬರಬೇಕಿತ್ತು.)

ಓದುಗರು ಗುಲಾಬಿ ಹೂವಿನ ಚಿತ್ರ ಸೇರಿಸಿ ವಾಟ್ಸಾಪ್‌ನಲ್ಲಿ ಹಂಚಿದರು. ಈಗ ಭತ್ತದ ವ್ಯಾಪಾರ ಮಾಡುವ ಶಿವಮಲ್ಲು ಫೋನ್ ಮಾಡಿ, "ಇನ್ನೊಂದ್ಸಲ ಒಂದೇ ಡಬ್ಬೀಲಿ ಉಣ್ಣಾನ ಬನ್ರುಲಾ" ಅಂದ. ಸ್ಕೂಲ್ ಮೇಷ್ಟ್ರಾಗಿರುವ ಚೆಲುವರಾಜು ಭಾನುವಾರ ಆಗಬಹುದು ಎಂದ. ಸೇರಿದೆವು.

ಮಾಲೀಕರೇ ಹರಿವಾಣದಂಥ ತಟ್ಟೆಯೊಂದನ್ನು ತಂದು ನಡುವೆ ಇಟ್ಟರು. "ಮೂರ್ ಜನುಕ್ಕೂ ಒಂದೇ ಸಾ. ಆ ದೇಸುದಲ್ಲಿ ಇಂಗೇಯ. ರೊಟ್ಟಿ ಮುರ್ಕೊಂಡು ಎಲ್ರೂ ಇದ್ರಲ್ಲೇ ಅದ್ಕೊಂಡು ತಿಂತಾರೆ."

ಶಿವಮಲ್ಲು ತಪಾಸಣೆ ನಡೆಸಿದ. "ಇದು ಕಡ್ಲೆ ರುಬ್ಬಿರೋದು. ಇದು ಸೌತೆಕಾಯಿ ಮೊಸರುಬಜ್ಜಿ. ಇದ್ಯಾವ್ದೋ ಉಪ್ಪು ಗಿಣ್ಣು. ಗ್ರೀಸ್‌ಗೆ ಓಗಾಕೆ ಪಾಸ್‌ಪೋರ್ಟ್ ಯಾಕ್ಲಾ ಬೇಕು?" ಸುತ್ತಲೂ ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಅನ್ನದ ಸುರುಳಿಗಳು.

ಚೆಲುವರಾಜು ತಟ್ಟೆ ನೋಡುತ್ತಿರಲಿಲ್ಲ. ನನ್ನ ಕೈ ನೋಡುತ್ತಿದ್ದ.

ಕೈಯಲ್ಲಿ ಚಮಚವಿತ್ತು. ನನ್ನ ಮುಂದಿನ ಸಣ್ಣ ಪ್ಲೇಟಿನಲ್ಲಿ ಎಲ್ಲವೂ ಸ್ವಲ್ಪ ಸ್ವಲ್ಪ ಬಂದು ಕೂತಿದ್ದವು. ಅವರಿಬ್ಬರೂ ಇನ್ನೂ ರೊಟ್ಟಿಯನ್ನೇ ಮುರಿದಿರಲಿಲ್ಲ.

"ಇನ್ನೂ ಬುಟ್ಟಿಲ್ವಲ್ಲೋ ನೀನು," ಅವನು ನಕ್ಕ.

"ಏನ್ನ?"

"ಮೊದ್ಲು ಎತ್ಕೊಳ್ಳೋದ್ನ."

ಆಮೇಲೆ ಹೇಳಿದ. ಸಿಟ್ಟಿಲ್ಲ, ಹಾಜರಿ ಕೂಗುವ ದನಿ. "ಡಬ್ಬಿ ಬಿಚ್ತಿದ್ದಂಗೆ ನೀನು 'ತಡಿ, ಮೊದ್ಲು ನಂಗಾಕು' ಅಂತಿದ್ದೆ. ಮುಚ್ಚಳುಕ್ಕೆ ಆಕುಸ್ಕೊಂಡು ತಿಂತಿದ್ದೆ. ನನ್ ಕೈ ಡಬ್ಬಿಗ್ ಬಿದ್ಮ್ಯಾಕೆ ನೀನು ಒಂದ್ ದಿನಾನೂ ಅದ್ನ ಮುಟ್ಲಿಲ್ಲ. ಒಂದ್ಸಲ ನಾನೇ ಡಬ್ಬಿನ ನಿನ್ ಮುಂದುಕ್ಕೆ ತಳ್ದೆ. ನೀನು 'ಹೊಟ್ಟೆ ತುಂಬ್ತು' ಅಂದೆ."

"ಲೇ, ಅವ್ನು ಒಟ್ಟೆಬಾಕ ಕಣ್ಲಾ! ನಮ್ಗಿಂತ ಮುಂಚೆ ಬಾಚ್ಕೊತಿದ್ದ, ಅಷ್ಟೇಯ." ಶಿವಮಲ್ಲು ನನ್ನ ಪರ ವಕಾಲತ್ತು ಹಾಕಿದ.

"ಶಿವಮಲ್ಲು, ನೀನು ನನ್ ಜೊತೆಗೇ ಡಬ್ಬಿಗೆ ಕೈ ಆಕ್ತಿದ್ದೆ. ನಿಂಗೆ ಕೈ ತೊಳ್ಯೋ ಅಭ್ಯಾಸನೂ ಇರ್ಲಿಲ್ಲ ಬುಡು."

ಹಸಿವೋ, ಎಂಜಲಿನ ಅಂಜಿಕೆಯೋ? ನೆನಪಿಲ್ಲ ಎಂದು ಬರೆದುಬಿಡಬಹುದು. ತೊಂದರೆ ಏನೆಂದರೆ, ನೆನಪಿದೆ. ಅವನವ್ವನ ಹುರುಳಿ ಉಪ್ಸಾರಿನ ಖಾರ ಈಗಲೂ ನಾಲಗೆಯಲ್ಲಿದೆ. ಕಣ್ಣು ಮುಚ್ಚಿದೆ. ಮುಚ್ಚಳ ಕಂಡಿತು. ಅಂಚು ನೆಗ್ಗಿದ ಸ್ಟೀಲಿನ ಮುಚ್ಚಳ. ಆ ನೆಗ್ಗಿನಿಂದ ಸಾರು ಮೊಣಕೈವರೆಗೆ ಇಳಿಯುತ್ತಿತ್ತು. ಡಬ್ಬಿಯ ಒಳಗು? ಎಷ್ಟು ಹುಡುಕಿದರೂ ಕಾಣಲಿಲ್ಲ. ಹಾಗಾದರೆ ನನ್ನ ಅಂಕಣದೊಳಕ್ಕೆ ಡಬ್ಬಿ ಬಂದದ್ದು ಎಲ್ಲಿಂದ?

(ಮುಚ್ಚಳವೂ ಅವನು ಹೇಳಿದ ಮೇಲೆ ಹುಟ್ಟಿಕೊಂಡದ್ದೇ? ಆದರೆ ನೆಗ್ಗನ್ನು ಅವನು ಹೇಳಿರಲಿಲ್ಲ.)

"ಮತ್ತೆ ಅಂಕಣ ಓದಿ ಯಾಕೆ ಸುಮ್ನಿದ್ದೆ?"

"ಮಗ್ಳು ಓದ್ಬುಟ್ಳು ಕಣೋ. 'ಅಪ್ಪಾ, ನಿಮ್ ಕಾಲ ಇಷ್ಟು ಚೆನ್ನಾಗಿತ್ತಾ?' ಅಂದ್ಲು. ಊ ಅಂದ್ಬುಟ್ಟೆ. ಕತ್ರುಸಿ ಬೀರು ಬಾಗ್ಲುಗೆ ಅಂಟುಸವ್ಳೆ. ದಿನಾ ಷರ್ಟ್ ತಗೊಳ್ಳುವಾಗ ನೋಡ್ತೀನಿ."



"ತಿದ್ದಿ ಬರೀಲಾ?" ಕೇಳಿದೆ. ಬರೆದರೆ ಆ ಹುಡುಗಿಯ ಮುಂದೆ ಅಪ್ಪ ಸುಳ್ಳುಗಾರ. ಬರೆಯದಿದ್ದರೆ ದಿನಾ ಆ ಬೀರು.

ಚೆಲುವರಾಜು ಯೋಚಿಸಿದ. "ಅವ್ಳಿಗೆ ನಾನ್ ಯೋಳ್ತೀನಿ, ಆಮ್ಯಾಕೆ ಬರಿ. ಈ ಸಲ ಮೊದ್ಲು ನಾನು."

(ಬುಧವಾರ ಮೆಸೇಜ್ ಬಂತು: 'ಹೇಳಿದೆ. ಬರಿ.' ಮಗಳು ಏನೆಂದಳು ಎಂಬುದು ಅದರಲ್ಲಿರಲಿಲ್ಲ. ಕೇಳಲು ನನಗೆ ಬಾಯಿ ಬರಲಿಲ್ಲ.)

ಅಲ್ಲಿಂದ ಮುಂದೆ ನಾನು ಚಮಚ ಬಿಟ್ಟೆ. ನಡುವಿನ ತಟ್ಟೆಗೇ ಕೈ ಹಾಕಿದೆ, ಅವರಿಬ್ಬರು ಅದ್ದಿದ ಜಾಗದಲ್ಲೇ ಅದ್ದಿದೆ. ಬೇಕೆಂದೇ, ಕಾಣುವಂತೆ. ಆ ತೋರಿಕೆ ಇನ್ನೂ ಅಸಹ್ಯವಾಗಿತ್ತು. ನಿಲ್ಲಿಸಿದರೆ ಏನಂದುಕೊಳ್ಳುತ್ತಾನೋ ಎಂದು ನಿಲ್ಲಿಸಲೂ ಆಗಲಿಲ್ಲ. ತಿಂದೆ, ತಿಂದೆ, ಬೆಲ್ಟ್ ಒಂದು ತೂತು ಸಡಿಲ ಮಾಡಿಕೊಂಡು ತಿಂದೆ.

ಕೊನೆಗೆ ಒಂದು ಎಲೆಸುರುಳಿ ಉಳಿಯಿತು. ಮೂವರ ಬೆರಳೂ ಓಡಾಡಿದ ತಟ್ಟೆಯಲ್ಲಿ, ಮೊಸರು ಮೆತ್ತಿಕೊಂಡು. ಚೆಲುವರಾಜು ತಟ್ಟೆಯನ್ನು ಮೆಲ್ಲಗೆ ನನ್ನ ಮುಂದಕ್ಕೆ ತಳ್ಳಿದ.

"ತಿನ್ನೋ."

"ಹೊಟ್ಟೆ ತುಂಬ್ತು," ಅಂದೆ.

ನಿಜವಾಗಿಯೂ ತುಂಬಿತ್ತು. ಆದರೆ ಅವನು ಯಾಕೆ ನಂಬಬೇಕು?