ಬ್ಯಾಟರಿ ಗೋಕಾಕದಲ್ಲಿತ್ತು

ನಂಬುವವರು ನಂಬಲಿ, ಬಿಡುವವರು ಬಿಡಲಿ. ನನ್ನ ಕಿವಿ ಕೇಳಿದ್ದನ್ನು, ನನ್ನ ಬೆರಳಿಗೆ ತಾಗಿದ್ದನ್ನು ಮಾತ್ರ ಹೇಳುತ್ತೇನೆ. ಅರವತ್ತರ ದಶಕದ ಆರಂಭ. ಮೇಲವಂಕಿಯ ನಮ್ಮ ಓಣಿಗೆ ಇನ್ನೂ ಕರೆಂಟ್ ಬಂದಿರಲಿಲ್ಲ.

ನಮ್ಮ ಮನೆಯವರಿಗೆ ರೇಡಿಯೋದ ಹುಚ್ಚು. ಅದೂ ಹೊಸ ಹಾಡಲ್ಲ, ತಾವು ಸಣ್ಣವರಿದ್ದಾಗಿನ ಹಳೆಯ ಸಿನಿಮಾದ ಕುಣಿತದ ಹಾಡುಗಳೇ ಆಗಬೇಕು. ಕಡಲಾಚೆಯ ಯಾವುದೋ ಸ್ಟೇಶನ್ ಊಟದ ಹೊತ್ತಿಗೆ ಅವನ್ನು ಹಾಕುತ್ತಿತ್ತು. ಗುಂಡಿ ಕೂದಲೆಳೆಯಷ್ಟು ಆಚೀಚೆಯಾದರೂ ಬರೀ ಸಿಳ್ಳೆ. ಅವರು ಮಾತ್ರ ಕಣ್ಣು ಮುಚ್ಚಿಯೇ ಹಿಡಿಯುತ್ತಿದ್ದರು. ಹಾಡು ಕೇಳುತ್ತ ತಾಯಿ-ಮಗ ರೊಟ್ಟಿ ತಿನ್ನುವುದು ರೂಢಿ.

"ನೀವು ಲಗ್ನಾ ಆಗಿದ್ದು ನನ್ನ ಕೂಡನೋ, ಇದರ ಕೂಡನೋ?" ಎಂದು ಕಾಡಿಸುತ್ತಿದ್ದೆ.

ಆಮೇಲೊಂದು ದಿನ ಅವರು ಜ್ವರದಲ್ಲಿ ಹೋಗಿಬಿಟ್ಟರು. ನನಗೆ ಅಳು ಬರಲಿಲ್ಲ. ಒಲೆ ಹಚ್ಚಿದೆ, ನೀರು ತಂದೆ, ಕಸ ಹೊಡೆದೆ... ಮೈಯೆಲ್ಲ ಜೋಮು ಹಿಡಿದಂತಿತ್ತು.

ಅತ್ತೆ ರೊಟ್ಟಿ ಮುಟ್ಟುವುದನ್ನೇ ಬಿಟ್ಟರು. "ಆ ಹಾಡು ಹಚ್ಚು ಗಂಗವ್ವಾ, ಉಣ್ತೀನಿ" ಎನ್ನುವರು. ಸಾವಿನ ಮನೆಯಲ್ಲಿ ಹಾಡೇ ಎಂದು ಓಣಿಯವರು ಮೂಗು ಮುರಿದರೆ, "ನಮಗೆಲ್ಲಿ ಸೂತಕ ಐತಿ? ನಮ್ಮ ಶರಣರು ಅದನ್ನ ತಗದ ಒಗದಾರ" ಎಂದು ಬಾಯಿ ಮುಚ್ಚಿಸಿದರು. ಆದರೆ ನನ್ನ ಕೈಗೆ ಆ ಸ್ಟೇಶನ್ ಸಿಗಲೇ ಇಲ್ಲ. ಬರ್ರ್... ಸುಯ್ಯ್... ಅಷ್ಟೇ. ತಿರುವಿ ತಿರುವಿ ಬ್ಯಾಟರಿಯೂ ಇಳಿಯಿತು. ಪಕ್ಕದ ಮನೆಯ ಕಾಕಾ ಅದನ್ನು ಸೈಕಲ್ಲಿಗೆ ಕಟ್ಟಿಕೊಂಡು ಚಾರ್ಜಿಗೆಂದು ಗೋಕಾಕಕ್ಕೆ ಒಯ್ದರು.

ಆ ರಾತ್ರಿ ಅತ್ತೆಗೆ ಎದ್ದು ಕೂಡುವ ಶಕ್ತಿಯೂ ಇರಲಿಲ್ಲ. ಹೀಗೇ ಬಿಟ್ಟರೆ ಈ ಜೀವವೂ ಉಳಿಯುವುದಿಲ್ಲ ಎಂದು ಗೊತ್ತಿತ್ತು. ಬ್ಯಾಟರಿ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಹುಡುಕಿದಂತೆ ಮಾಡೋಣವೆಂದು ಗುಂಡಿ ಹಿಡಿದೆ.

ಚಟ್...

ಬಿಸಿ ಧೂಳಿನ ವಾಸನೆ ಬಂತು. ರೇಡಿಯೋ ಬಹಳ ಹೊತ್ತು ಹಾಡಿದಾಗ ಬರುವಂಥದ್ದು. ಗಾಜಿನ ಹಿಂದಿನ ದೀಪ ಮಾತ್ರ ಹತ್ತಿರಲಿಲ್ಲ. ಆಮೇಲೆ ನನ್ನ ಬೆರಳಡಿಯಲ್ಲೇ ಗುಂಡಿ ಮೆಲ್ಲಗೆ, ತಾನಾಗಿ ಹೊರಳತೊಡಗಿತು...

"ಕೈ ತಗೀ ಗಂಗವ್ವಾ," ಅತ್ತೆ ಪಿಸುಗುಟ್ಟಿದರು. "ಅಂವಗ ತಿರುವಾಕ ಬಿಡು."

ತೆಗೆದೆ. ಹಾಡು ಬಂತು. ಢೋಲಕ್ಕು, ಗೆಜ್ಜೆ, ಎಲ್ಲ ಸ್ವಚ್ಛ. ರೇಡಿಯೋದ ಹಿಂದೆ ಕೈ ಹಾಕಿ ನೋಡಿದೆ. ಬ್ಯಾಟರಿಯ ತಂತಿಗಳು ಬರಿದೇ ಜೋತಾಡುತ್ತಿದ್ದವು.

ಅತ್ತೆ ಗೋಡೆ ಹಿಡಿದು ಎದ್ದು ಕೂತರು. ಹಾಲಿನಲ್ಲಿ ರೊಟ್ಟಿ ಮುರಿದು ಕೊಟ್ಟೆ, ತಾಟು ಖಾಲಿ ಮಾಡಿದರು. ನನಗೆ ಅಂಜಿಕೆಯೂ ಆಗಲಿಲ್ಲ. ಸುಮ್ಮನೆ ನೋಡುತ್ತ ಕೂತೆ.

ಕೈ ತೊಳೆದುಕೊಂಡು ಅತ್ತೆ ರೇಡಿಯೋ ಕಡೆ ತಿರುಗಿದರು. "ಸಾಕೋ ಯಪ್ಪಾ, ಬಂದ್ ಮಾಡು. ನಿನ್ನ ಹೇಣ್ತಿ ಇನ್ನೂ ಉಂಡಿಲ್ಲ."

ಚಟ್. ಹಾಡು ನಿಂತಿತು.

ನಾನು ಉಂಡೆ.

ಮರುದಿನದಿಂದ ಅತ್ತೆ ಹಾಡು ಹಚ್ಚೆನ್ನಲೇ ಇಲ್ಲ, ತಾವಾಗಿಯೇ ಉಣ್ಣತೊಡಗಿದರು. ಬ್ಯಾಟರಿ ತುಂಬಿಸಿಕೊಂಡು ಬಂದ ಮೇಲೆ ನಾನೇ ಎಷ್ಟೋ ರಾತ್ರಿ ಗುಂಡಿಯ ಮೇಲೆ ಬೆರಳಿಟ್ಟು ಕಾದೆ. ಅದು ಹೊರಳಲಿಲ್ಲ.

ಕೇಳಿದವರೆಲ್ಲ ಹಾಡು ಹಚ್ಚಿದ್ದು ಯಾರು ಎನ್ನುತ್ತಾರೆ. ನನ್ನ ಮೈ ತಣ್ಣಗಾಗುವುದು ಅದಕ್ಕಲ್ಲ. ತಾಯಿ ಬಂದ್ ಮಾಡು ಎಂದರು, ಇವರು ಮಾಡಿದರು... ಅಷ್ಟು ಹತ್ತಿರ ಬಂದವರು ನನಗೊಂದು ಮಾತೂ ಹೇಳದೆ ಹೋದರು.