ಚೈನಾ ಗ್ರಾಸಿಗೆ ಹೊಡೆದ ಗುಂಡು

ಜೆಡ್ಡಾದ ಹೊರಗೆ, ಬ್ಯಾಂಕಿನ ಹಣ ಸಾಗಿಸುವ ವ್ಯಾನುಗಳಿಗೆ ಕಾವಲುಗಾರರನ್ನು ತಯಾರು ಮಾಡುವ ಒಂದು ತರಬೇತಿ ಅಂಗಳವಿದೆ. ನಾನು ಅಲ್ಲಿನ ಸ್ಟೋರಿನವನು. ಮದರಸಾದಲ್ಲಿ ಅಕ್ಷರ ಕಲಿತು, ಇಲ್ಲಿ ಹನ್ನೊಂದು ವರ್ಷದಲ್ಲಿ ಮಾತು ಕಲಿತು, ಅರಬ್ಬಿ ನನಗೆ ಸಲೀಸು. ಹಾಗಾಗಿ ನಮ್ಮ ಶೂಟಿಂಗ್ ಮಾಸ್ತರರಿಗೂ ಮುದೀರನಿಗೂ, ಎಂದರೆ ಮ್ಯಾನೇಜರನಿಗೂ, ನಡುವೆ ಬಾಯಿ ನಾನೇ. ಮಾಸ್ತರರು ಬಾಗಲಕೋಟೆ ಕಡೆಯವರು, ಸೈನ್ಯದಿಂದ ನಿವೃತ್ತರಾಗಿ ಬಂದವರು. ಮಂಗಳೂರಿನ ಬ್ಯಾರಿ ಹುಡುಗನೊಬ್ಬ ಕನ್ನಡ ಮಾತಾಡುತ್ತಾನೆಂದು ಗೊತ್ತಾದ ದಿನದಿಂದ ನನ್ನನ್ನು ತಮ್ಮಾ ಎಂದೇ ಕರೆದರು.

ಕಾವಲುಗಾರರು ಸೊಂಟದಲ್ಲಿ ಸಿಕ್ಕಿಸಿಕೊಳ್ಳುವುದು ಅಂಗೈಯಷ್ಟೇ ದೊಡ್ಡ ಪಿಸ್ತೂಲು. ಅದಕ್ಕೆ ಎರಡು ಬಗೆಯ ಗುಂಡು ಬಂದಿತ್ತು. ಒಂದರ ಮೂತಿ ಉರುಟು. ಇನ್ನೊಂದರ ಮೂತಿಯಲ್ಲಿ ಕುಳಿ. ಹೊಕ್ಕಲ್ಲಿ ಅರಳಿ ನಿಲ್ಲಬೇಕು, ಆಚೆ ತೂರಿಹೋಗಿ ದಾರಿಹೋಕರಿಗೆ ತಗಲಬಾರದು ಎಂದು ಹಾಗೆ ಮಾಡಿದ್ದು. ಆದರೆ ಪಿಸ್ತೂಲಿನ ನಳಿಕೆ ಗಿಡ್ಡವಾದಷ್ಟೂ ಗುಂಡಿನ ವೇಗ ಕಡಿಮೆ. ಕುಳಿಯಲ್ಲಿ ಬಟ್ಟೆ ತುಂಬಿಕೊಂಡರೆ ಅದು ಅರಳುವುದೇ ಇಲ್ಲ. ಇದನ್ನು ಪರೀಕ್ಷಿಸಿ ಯಾವುದು ಒಳ್ಳೆಯದೆಂದು ಹೇಳುವುದು ಮಾಸ್ತರರ ಕೆಲಸ. ಆ ತಿಂಗಳೇ ಅವರ ಕರಾರು ಮುಗಿಯುವುದಿತ್ತು. ಊರಲ್ಲಿ ಮಗಳ ನರ್ಸಿಂಗ್ ಓದು ಇನ್ನೂ ಎರಡು ವರ್ಷ ಬಾಕಿ. ಈ ಪರೀಕ್ಷೆ ಚೆನ್ನಾಗಿ ಆದರೆ ಕರಾರು ಮುಂದುವರಿಯುತ್ತದೆ ಎಂದು ಅವರು ನಂಬಿದ್ದರು.

ಗುಂಡು ಹೊಡೆದು ನೋಡಲು, ಮನುಷ್ಯನ ಮೈಯ ಬದಲಿಗೆ, ಜಿಲೆಟಿನ್ ಗಟ್ಟಿ ಬೇಕು. ಪುಡಿಯ ಡಬ್ಬಿ ಕೊಟ್ಟು, ಬಿಸಿನೀರಲ್ಲಿ ಕಲಸಿ ಫ್ರಿಜ್ಜಿನಲ್ಲಿಡಲು ನನಗೆ ಹೇಳಿದರು. ಡಬ್ಬಿಯ ಮೇಲೆ ನನಗೆ ಗೊತ್ತಿಲ್ಲದ ಯಾವುದೋ ಭಾಷೆ. ಜಿಲೆಟಿನ್ ಎಂದರೆ ಹಂದಿಯದ್ದು ಎಂದು ಎಲ್ಲೋ ಕೇಳಿದ್ದೆ. ಹಂದಿಯ ಹೆಸರೂ ಒಳಗೆ ನುಸುಳದ ದೇಶವಿದು, ಆದರೂ ನನ್ನ ತಲೆಗೆ ಅದು ಹೊಳೆಯಲಿಲ್ಲ. ಒಂದು ಮಾತು ಕೇಳಬಹುದಿತ್ತು. ಕೇಳದೆ ಡಬ್ಬಿಯನ್ನು ಹಾಗೆಯೇ ಕಸಕ್ಕೆ ಎಸೆದೆ. ಶುಕ್ರವಾರ ಶರಫಿಯಾ ಪೇಟೆಯ ನೂಕುನುಗ್ಗಲಲ್ಲಿ ನುಗ್ಗಿ ಕಡಲಪಾಚಿಯಿಂದ ಮಾಡುವ ಚೈನಾ ಗ್ರಾಸ್ ಚೀಲ ತುಂಬ ತಂದೆ. ಉಪವಾಸ ಬಿಡುವಾಗ ನಮ್ಮ ಮನೆಯಲ್ಲಿ ಉಮ್ಮ ಹಾಲು ಹಾಕಿ ಹೆಪ್ಪು ಮಾಡುತ್ತಿದ್ದ ಅದೇ ಚೈನಾ ಗ್ರಾಸ್. ಗಟ್ಟಿಯಾದರೆ ಸಾಕಲ್ಲ, ಯಾವುದಾದರೇನು ಎಂದುಕೊಂಡೆ. ನನ್ನ ಜಾಣತನಕ್ಕೆ ನಾನೇ ಬೀಗಿದ್ದೂ ಉಂಟು.

ಪರೀಕ್ಷೆಯ ದಿನ ಮುದೀರನೂ ಬಂದ. ಗಟ್ಟಿಯ ಮುಂದೆ ನಾಲ್ಕು ಪದರ ಜೀನ್ಸ್ ಬಟ್ಟೆ ಕಟ್ಟಿ ಮಾಸ್ತರರು ಹೊಡೆದರು. ಕುಳಿ ಮೂತಿಯ ಗುಂಡು ತಗಲಿದ್ದೇ ತಡ, ಗಟ್ಟಿ ಚೂರುಚೂರಾಗಿ ಸಿಡಿಯಿತು. ಮುದೀರ ಖುಷಿಯಾಗಿ, ಇದೇ ಆಗಲಿ, ನಾಳೆಯೇ ಹಂಚಿ ಎಂದ. ಮಾಸ್ತರರ ಮುಖ ಮಾತ್ರ ಸಪ್ಪಗಾಯಿತು. ನೆಲದಲ್ಲಿ ಕೂತು ಚೂರುಗಳನ್ನು ಬೆರಳಲ್ಲಿ ಹಿಚುಕಿ ನೋಡಿದರು. ಗಟ್ಟಿ ಹೀಗೆ ಒಡೆಯಬಾರದು, ಹಿಗ್ಗಿ ಗುಂಡನ್ನು ಹಿಡಿಯಬೇಕು, ಈ ಪರೀಕ್ಷೆ ನಂಬಿ ಕಾವಲಿನ ಹುಡುಗರ ಕೈಗೆ ಗುಂಡು ಕೊಡಲಾರೆ ಎಂದರು. ನಾನು ಅರಬ್ಬಿಯಲ್ಲಿ ಹೇಳಿದೆ. ಮುದೀರನ ಹುಬ್ಬು ಗಂಟಾಯಿತು. ಇನ್ನೊಂದು ಪರೀಕ್ಷೆಗೆ ಒಂದು ವಾರ ಕೊಟ್ಟು ಹೊರಟುಹೋದ.

"ತಮ್ಮಾ, ಡಬ್ಬಿಯೊಳಗಿನ ಪುಡಿನ ಹಾಕಿದ್ದಿ ಹೌದಿಲ್ಲೊ?" ಎಂದು ಮಾಸ್ತರರು ಕೇಳಿದರು.

"ಹೌದು ಸರ್, ಅದನ್ನೇ ಹಾಕಿದ್ದು" ಎಂದೆ.

ನನ್ನ ಮಾತನ್ನು ಅವರು ಮತ್ತೆ ಕೆದಕಲಿಲ್ಲ. ನೀರಿನ ಅಳತೆ ತಾನೇ ತಪ್ಪು ಹೇಳಿದೆನೇನೋ ಎಂದು ತಮ್ಮ ನೋಟ್‌ಬುಕ್ಕನ್ನೇ ತಿರುವಿಹಾಕಿದರು. ಸುಳ್ಳು ಹೇಳುವಾಗ ನನಗಿದ್ದದ್ದು ಕೆಲಸ ಹೋದೀತೆಂಬ ಹೆದರಿಕೆ, ಅಷ್ಟೇ. ನಾಚಿಕೆ ಶುರುವಾದದ್ದು ನಾಲ್ಕು ದಿನ ಬಿಟ್ಟು, ಹೊಸ ಡಬ್ಬಿ ಬಂದಾಗ.

"ಇದು ಆಕಳದ್ದ ಐತಿ ತಮ್ಮಾ, ಹೋದ ಸಲದ್ದೂ ಆಕಳದ್ದ ಇತ್ತು," ಎಂದರು. "ನಿನಗ ಸಂಶೆ ಬರಬಾರದು ಅಂತ ಕೇಳಿ ತರಿಸೀನಿ. ನಾವು ಲಿಂಗಾಯತರು, ನನಗ ಮುಟ್ಟಾಕ ಮನಸ ಬರವಲ್ದು. ಅದಕ್ಕ ಕಲಸೂದು ನಿನಗ ಬಿಟ್ಟೀನಿ."

ಭೂಮಿ ಬಾಯಿಬಿಡಬಾರದೇ ಎನಿಸಿತು. ನನ್ನ ಮನಸ್ಸಿಗೆ ನೋವಾಗದಿರಲೆಂದು ತಮಗೇ ಹೇಸಿಗೆಯಾದ ವಸ್ತುವನ್ನು ಹೇಳಿ ತರಿಸಿದ್ದ ಮನುಷ್ಯ ಎದುರಿಗೆ ನಿಂತಿದ್ದರು. ಆಗಲಾದರೂ ಹೇಳಬೇಕಿತ್ತು. ನಾನು ತಲೆತಗ್ಗಿಸಿ ಪುಡಿ ಕಲಸಿದೆ.

ಎರಡನೆಯ ಪರೀಕ್ಷೆ ಅವರು ಹೇಳಿದ ಹಾಗೇ ಆಯಿತು. ಕುಳಿಯಲ್ಲಿ ಬಟ್ಟೆ ತುಂಬಿಕೊಂಡ ಗುಂಡು ಅರಳದೆ ಗಟ್ಟಿಯನ್ನು ಸೀಳಿ ಆಚೆ ಹೋಯಿತು. ಈ ಪಿಸ್ತೂಲಿಗೆ ಇದರಿಂದ ಏನೂ ಲಾಭವಿಲ್ಲ ಎಂಬುದು ಎಲ್ಲರಿಗೂ ಕಂಡಿತು. ಹಾಗಾದರೆ ಮೊದಲ ಸಲ ಯಾಕೆ ಹಾಗಾಯಿತು, ತಪ್ಪು ಯಾರದು ಎಂದು ಮುದೀರ ಕೇಳಿದ. ನಾನು ಕನ್ನಡದಲ್ಲಿ ಕೇಳಿದೆ.

"ಅಳತಿ ತಪ್ಪಿದ್ದು ನಾನ ಅಂತ ಹೇಳು," ಎಂದರು ಮಾಸ್ತರರು.

ಹೇಳಿದೆ. ಒಂದು ಪದವೂ ಹೆಚ್ಚುಕಡಿಮೆಯಾಗದಂತೆ ಹೇಳಿದೆ. ಮುದೀರ, ಅಳತೆ ತಪ್ಪುವವರನ್ನು ಇಟ್ಟುಕೊಳ್ಳಲಾಗದು, ಕರಾರು ಇಲ್ಲಿಗೆ ಸಾಕು ಎಂದ. ಅದನ್ನು ಅವರಿಗೆ ಕನ್ನಡದಲ್ಲಿ ತಿಳಿಸಬೇಕಾದವನೂ ನಾನೇ. ತಿಳಿಸುವಾಗ ಕಣ್ಣಲ್ಲಿ ನೀರು ಬಂತು.

ಅವರು ನನ್ನ ಹೆಗಲ ಮೇಲೆ ಕೈಯಿಟ್ಟರು. "ನೀ ಯಾಕ ಅಳತಿ ತಮ್ಮಾ? ನಿನ್ನದೇನು ತಪ್ಪೈತಿ ಇದರಾಗ?"

ಮುದೀರ ಅವರೇನು ಹೇಳಿದರೆಂದು ನನ್ನನ್ನು ಕೇಳಿದ. ಏನೂ ಇಲ್ಲ ಎಂದೆ.